ಕೋವಿಡ್ ತರಹದ ಕಾಯಿಲೆ ಮತ್ತೆ ಬಂದರೆ ಶಾಲೆಯ ನರ್ಸ್ ಮಕ್ಕಳ ಮನಸ್ಸಿಗೆ ಹೇಗೆ ನೆರವಾಗಬಹುದು?

ವಸತಿ ಶಾಲೆಗೆ ನರ್ಸ್ ಆಗಿ ಸೇರುತ್ತಿದ್ದೀರಿ ಅಂತ ಬರೆದಿದ್ದೀರಿ. ಕೋವಿಡ್ ಸಮಯದಲ್ಲಿ ನಾನು ಕೊಡಗಿನ ಒಂದು ವಸತಿ ಶಾಲೆಯಲ್ಲಿ ಇದೇ ಕೆಲಸದಲ್ಲಿದ್ದೆ. ಮಕ್ಕಳು 'ಮನಸ್ಸಿಗೆ ಬೇಜಾರು' ಅಂತ ಹೇಳಿಕೊಂಡು ಬರುವುದಿಲ್ಲ. ಹೊಟ್ಟೆನೋವು, ತಲೆನೋವು ಅಂತ ಬರುತ್ತಾರೆ. ಮಾತ್ರೆ ಕೊಟ್ಟು ಕಳಿಸುವ ಆತುರ ಬೇಡ.

ಜ್ವರ, ನಾಡಿ ಎಲ್ಲ ಮೊದಲು ಸರಿಯಾಗಿ ನೋಡಿ. ನಾಟಕ ಅಂತ ಮಾತ್ರ ಅನ್ನಬೇಡಿ, ಆ ನೋವು ನಿಜವಾಗಿಯೂ ಇರುತ್ತದೆ. ಆಮೇಲೆ ಪಕ್ಕದಲ್ಲಿ ಕೂತು, "ನಿದ್ದೆ ಬಂತಾ? ಊಟ ಸೇರ್ತಾ? ಮನೆಯಿಂದ ಫೋನ್ ಬಂತಾ?" ಅಂತ ಕೇಳಿ. 2021ರಲ್ಲಿ ಶಾಲೆ ತೆರೆದಾಗ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ದಿನಾ ಸಂಜೆ ಹೊಟ್ಟೆ ಹಿಡಿದುಕೊಂಡು ಬರುತ್ತಿದ್ದಳು. ಅವರ ಮನೆಯವರೆಲ್ಲ ಕಾಫಿ ತೋಟದ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರಿಗೆ ಸಾಲಾಗಿ ಕಟ್ಟಿದ ಮನೆಯಲ್ಲಿದ್ದರು. ಮಾತಾಡಿಸುತ್ತಾ ಹೋದಾಗ ಗೊತ್ತಾಯಿತು, ಅಜ್ಜಿಗೆ ಕೆಮ್ಮು, ತಾನೇ ಕಾಯಿಲೆ ಅಂಟಿಸಿ ಬಂದೆನೋ ಅನ್ನುವ ಭಯ. ವಾರ್ಡನ್‌ಗೆ ಹೇಳಿ ಅಜ್ಜಿಯ ಜೊತೆಗೇ ಮಾತಾಡಿಸಿದೆವು. "ಮಳೆ ಹಿಡಿದ್ರೆ ನಂಗೆ ಕೆಮ್ಮು ಇದ್ದದ್ದೇ, ನೀನು ಓದು" ಅಂತ ಅಜ್ಜಿ ಬೈದರು. ಅವತ್ತು ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳು.

ಮಗುವನ್ನು ಪ್ರತ್ಯೇಕ ಕೋಣೆಯಲ್ಲಿ ಇಡಬೇಕಾದರೆ ಎಷ್ಟು ದಿನ, ಊಟ ಯಾರು ತರುತ್ತಾರೆ, ಅಮ್ಮನಿಗೆ ಫೋನ್ ಯಾವಾಗ, ಎಲ್ಲ ಮೊದಲೇ ಹೇಳಿಬಿಡಿ. ಏನಾಗುತ್ತಿದೆ ಅಂತ ಗೊತ್ತಾಗದಿದ್ದರೆ ಹೆದರಿಕೆ ಜಾಸ್ತಿ ಅಲ್ವಾ? ಹೊರಬಂದ ಮೇಲೆ ಯಾರೂ 'ಕೊರೊನಾ' ಅಂತ ಕರೆದು ಗೇಲಿ ಮಾಡದ ಹಾಗೆ ಟೀಚರ್‌ಗಳಿಗೂ ತಿಳಿಸಿ.

ಶಾಲೆ ಮುಚ್ಚಿದರೆ ವಿಡಿಯೋ ಕಾಲ್ ನಂಬಿಕೊಂಡು ಕೂರಬೇಡಿ. ನಮ್ಮಲ್ಲಿ ಎಷ್ಟೋ ಕಡೆ ನೆಟ್‌ವರ್ಕ್ ಸಿಗಲ್ಲ, ಮಳೆಗಾಲದಲ್ಲಿ ಕರೆಂಟೂ ಇರಲ್ಲ. ಮನೆಯವರ ತೋಟದ ಕೆಲಸ ಮುಗಿದ ಮೇಲೆ ಮಾಮೂಲಿ ಫೋನ್ ಮಾಡಿ. ಹಾಡಿಯ (ಕಾಡಂಚಿನ ಆದಿವಾಸಿ ಊರಿನ) ಮಕ್ಕಳ ಸುದ್ದಿ ಆಶಾ ಕಾರ್ಯಕರ್ತೆಯರಿಂದ ತಿಳಿಯುತ್ತದೆ. ಇನ್ನೊಂದು, ಕೊಡಗಿನ 2018ರ ಭೂಕುಸಿತ ಕಂಡ ಮಕ್ಕಳು ಜೋರು ಮಳೆಗೇ ನಡುಗುತ್ತಾರೆ. ಅದನ್ನೂ ವಿಚಾರಿಸಿ.

ಮಗು ಸಾಯುವ ಮಾತಾಡಿದರೆ ಅಥವಾ ಹಾಗನ್ನಿಸಿದರೆ ನೇರವಾಗಿ ಕೇಳಿ. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ, ಒಂಟಿಯಾಗಿ ಬಿಡಬೇಡಿ. ಮುಖ್ಯ ಶಿಕ್ಷಕರಿಗೂ ಮನೆಯವರಿಗೂ ತಿಳಿಸಿ ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮನೆಯಲ್ಲೇ ಹಿಂಸೆ ಇದ್ದರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. 2022ರಲ್ಲಿ ಶುರುವಾದ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಕೂಡ ಈಗ ಇದೆ. ನಂಬರ್ 14416, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ನಿಮಗೇ ಏನು ಮಾಡಬೇಕು ಅಂತ ತೋಚದಿದ್ದಾಗಲೂ ಆ ನಂಬರಿಗೆ ಕೇಳಬಹುದು.