ಧ್ಯಾನದ ಕೋಣೆಗೆ ಯಾವ ಧೂಪ ಒಳ್ಳೆಯದು, ಡಾಕ್ಟ್ರೇ?

ಕೆಮ್ಮು, ದಮ್ಮಿನ ಬಗ್ಗೆ ಕೇಳಿ ಅಂದರೆ ಓದುಗರು ಈಗ ಶಾಪಿಂಗ್ ಪಟ್ಟಿ ಕಳಿಸುತ್ತಿದ್ದಾರೆ. ಮನಸ್ಸಿಗೆ ಶಾಂತಿ ಕೊಡುವ ಧೂಪ ಯಾವುದು, ಉಪ್ಪಿನ ದೀಪ ತರಲಾ, ಪರಿಮಳದ ಎಣ್ಣೆಯನ್ನು ಗಾಳಿಗೆ ಹರಡುವ ಡಿಫ್ಯೂಸರ್ ಒಳ್ಳೆಯದಾ. ನಾನು ಶ್ವಾಸಕೋಶದ ವೈದ್ಯೆ, ಮನೆ ಅಲಂಕಾರ ನನ್ನ ಕೆಲಸವಲ್ಲ. ಆದರೂ ಬರೆಯುತ್ತಿದ್ದೇನೆ. ಯಾಕೆಂದರೆ ಓಪಿಡಿಯಲ್ಲೂ ಇದೇ ಪ್ರಶ್ನೆ, ಮತ್ತು ಇದಕ್ಕೆ ಇಂಟರ್ನೆಟ್ಟಿನಲ್ಲಿ ಉತ್ತರ ಕೊಡುತ್ತಿರುವವರು ಹೆಚ್ಚಾಗಿ ಅದನ್ನೇ ಮಾರುವವರು.

ಪ್ರಶ್ನೆ: ಬೆಂಗಳೂರಿನ ನಮ್ಮ ಫ್ಲ್ಯಾಟಿನಲ್ಲಿ ಒಂದು ಸಣ್ಣ ರೂಮನ್ನು ಧ್ಯಾನಕ್ಕೆಂದೇ ಬಿಟ್ಟಿದ್ದೇವೆ. ಬೆಳಿಗ್ಗೆ ಅರ್ಧ ಗಂಟೆ ಪ್ರಾಣಾಯಾಮ, ಧ್ಯಾನ. ಟ್ರಾಫಿಕ್ ಸದ್ದು ಬರಬಾರದೆಂದು ಕಿಟಕಿ ಮುಚ್ಚಿರುತ್ತೇವೆ. ಅಗರಬತ್ತಿಯಲ್ಲಿ ಕೆಮಿಕಲ್ ಇರುತ್ತದಂತೆ, ಬಿದಿರು ಸುಟ್ಟರೆ ಸೀಸ ಬರುತ್ತದಂತೆ, ಅದಕ್ಕೆ ಸಗಣಿಯ ಧೂಪ ಮತ್ತು ಸಾಂಬ್ರಾಣಿ ಕಪ್ ತಂದಿದ್ದೇವೆ. ಒಂಬತ್ತು ವರ್ಷದ ಮಗನೂ ಜೊತೆಗೆ ಕೂರುತ್ತಾನೆ, ಅವನಿಗೆ ಆಗಾಗ ವೀಸಿಂಗ್ (ಉಸಿರಾಡುವಾಗ ಎದೆಯಲ್ಲಿ ಸಿಳ್ಳೆಯಂಥ ಸದ್ದು) ಇದೆ. ಯಾವುದು ಸುರಕ್ಷಿತ?

ಉತ್ತರ: ಯಾವುದೂ ಅಲ್ಲ. ಮುಚ್ಚಿದ ರೂಮು, ವೀಸಿಂಗ್ ಇರುವ ಮಗು, ಅದರ ನಡುವೆ ಹೊಗೆ. ಇದಕ್ಕೆ ಒಳ್ಳೆಯ ಬ್ರ್ಯಾಂಡ್ ಹೇಳಿ ಅಂದರೆ ಏನು ಹೇಳಲಿ?

"ಕೆಮಿಕಲ್ ಇಲ್ಲ" ಅನ್ನುವ ಮಾತನ್ನು ಮೊದಲು ಬಿಡಿ. ಸಗಣಿ, ಇದ್ದಿಲು, ಚಂದನದ ಪುಡಿ, ಯಾವುದೇ ಆಗಲಿ, ಉರಿಯದೆ ಹೊಗೆಯಾಡುತ್ತಾ ಸುಟ್ಟರೆ ಸೂಕ್ಷ್ಮ ಕಣಗಳು ಬರುತ್ತವೆ. ಪಿಎಂ 2.5 ಎಂದು ಪೇಪರಿನಲ್ಲಿ ಓದುತ್ತೀರಲ್ಲ, ಅದೇ. ಕಣಕ್ಕೆ ತಾನು ಸಾವಯವವೋ ಅಲ್ಲವೋ ಗೊತ್ತಿರುವುದಿಲ್ಲ, ಅದು ನೇರ ಗಾಳಿಚೀಲದವರೆಗೆ ಇಳಿಯುತ್ತದೆ. ನಮ್ಮ ಹಳ್ಳಿಗಳ ಸೌದೆ ಒಲೆಯ ಹೊಗೆ ನೂರಕ್ಕೆ ನೂರು ನೈಸರ್ಗಿಕವಾಗಿತ್ತು. ಬೀಡಿಯನ್ನು ಕೈಯಲ್ಲೂ ಹಿಡಿಯದ, ಆ ಒಲೆ ಊದಿ ಊದಿ ಶ್ವಾಸಕೋಶ ಕೆಡಿಸಿಕೊಂಡ ಅಜ್ಜಿಯರು ಇವತ್ತಿಗೂ ನನ್ನ ಹತ್ತಿರ ಆಕ್ಸಿಜನ್ ಹಚ್ಚಿಕೊಂಡು ಬರುತ್ತಾರೆ.

ಸ್ವಲ್ಪ ಲೆಕ್ಕ ಮಾಡೋಣ. 1996ರಲ್ಲಿ ಪ್ರಕಟವಾದ ಒಂದು ಅಳತೆ ಪ್ರಕಾರ ಒಂದು ಗ್ರಾಂ ಅಗರಬತ್ತಿ ಸುಟ್ಟರೆ ಸುಮಾರು 45 ಮಿಲಿಗ್ರಾಂ ಕಣ ಬರುತ್ತದೆ. ಒಂದು ಗ್ರಾಂ ಸಿಗರೇಟಿಗೆ ಸುಮಾರು 10. ನಿಮ್ಮ ರೂಮು ಹತ್ತಡಿಗೆ ಹತ್ತಡಿ, ಎತ್ತರ ಒಂಬತ್ತಡಿ ಎಂದಿಟ್ಟುಕೊಳ್ಳಿ, ಅಂದರೆ ಸುಮಾರು 25 ಘನ ಮೀಟರ್ ಗಾಳಿ. ಅದರಲ್ಲಿ ಒಂದೇ ಒಂದು ಗ್ರಾಂ ಬತ್ತಿ ಉರಿದು ಹೊಗೆಯೆಲ್ಲ ಒಳಗೇ ನಿಂತರೆ ಒಂದು ಘನ ಮೀಟರಿಗೆ 1800 ಮೈಕ್ರೋಗ್ರಾಂ ಆಗುತ್ತದೆ. ಬಾಗಿಲ ಸಂದಿಯಲ್ಲಿ ಹೋಗಿದ್ದು, ಗೋಡೆಗೆ ಅಂಟಿದ್ದು ಎಲ್ಲ ಕಳೆದು ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿಯಿತು ಅನ್ನಿ, ಆಗಲೂ 180. ದಿನದ ಸರಾಸರಿಗೆ ನಮ್ಮ ದೇಶದ ಮಿತಿ 60, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ಅರ್ಧ ಗಂಟೆಯನ್ನು ಇಡೀ ದಿನದ ಸರಾಸರಿಗೆ ಹೋಲಿಸುವುದು ಪೂರ್ತಿ ಸರಿಯಲ್ಲ, ಒಪ್ಪುತ್ತೇನೆ. ಆದರೆ ಆ ಅರ್ಧ ಗಂಟೆ ನೀವು ಮಾಡುತ್ತಿರುವುದು ಏನು? ಪ್ರಾಣಾಯಾಮ! ಜೋರಾಗಿ ಉಸಿರೆಳೆದು ಬಿಡುವ ಭಸ್ತ್ರಿಕಾ ಮಾಡಿದರೆ ಒಳಗೆ ಹೋಗುವ ಗಾಳಿಯೇ ಜಾಸ್ತಿ. ಕುಂಭಕ ಮಾಡಿದರೆ, ಉಸಿರು ಹಿಡಿದಷ್ಟು ಹೊತ್ತು ಕಣಗಳಿಗೆ ಒಳಗೆ ಕೂರಲು ಆರಾಮಾಗಿ ಸಮಯ ಸಿಗುತ್ತದೆ. ಟ್ರಾಫಿಕ್ಕಿನ ಸದ್ದಿಗೆ ಹೆದರಿ ಕಿಟಕಿ ಮುಚ್ಚಿ ರಸ್ತೆಯದಕ್ಕಿಂತ ಕೆಟ್ಟ ಗಾಳಿಯನ್ನು ಒಳಗೇ ತಯಾರು ಮಾಡಿಕೊಂಡಿದ್ದೀರಿ.

ಹೆದರಿಸಲು ಹೇಳುತ್ತಿಲ್ಲ. ಸಿಂಗಪುರದಲ್ಲಿ 61 ಸಾವಿರಕ್ಕೂ ಹೆಚ್ಚು ಚೀನೀ ಮೂಲದವರನ್ನು ವರ್ಷಗಟ್ಟಲೆ ಗಮನಿಸಿ 2008ರಲ್ಲಿ ಒಂದು ಅಧ್ಯಯನ ಬಂತು. ದೀರ್ಘಕಾಲ ಮನೆಯಲ್ಲಿ ಧೂಪ ಹಚ್ಚಿದವರಲ್ಲಿ ಮೂಗು, ಬಾಯಿ, ಗಂಟಲಿನ ಭಾಗದ ಕೆಲವು ಕ್ಯಾನ್ಸರ್ ಮತ್ತು ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರ್ ಜಾಸ್ತಿ ಕಂಡವು. ಎಲ್ಲ ಬಗೆಯ ಶ್ವಾಸಕೋಶ ಕ್ಯಾನ್ಸರ್ ಒಟ್ಟಿಗೆ ನೋಡಿದರೆ ಅಂಥ ಸಂಬಂಧ ಕಾಣಲಿಲ್ಲ. ಎರಡೂ ನಿಜ, ಎರಡನ್ನೂ ಹೇಳಬೇಕು. ದಸರಾಕ್ಕೆ ಹಚ್ಚಿದ ಒಂದು ಬತ್ತಿಯಿಂದ ಯಾರೂ ಸಾಯುವುದಿಲ್ಲ. ದಿನಾ, ಮುಚ್ಚಿದ ಕೋಣೆಯಲ್ಲಿ, ವೀಸಿಂಗ್ ಇರುವ ಮಗುವಿನ ಪಕ್ಕ ಹಚ್ಚುವುದು ಬೇರೆ ಮಾತು.

ಬಿದಿರಿನಿಂದ ಸೀಸ ಬರುತ್ತದೆ ಅನ್ನುವುದು ವಾಟ್ಸಾಪ್ ಕಥೆ. ಅದನ್ನು ಹಬ್ಬಿಸಿದವರ ಅಂಗಡಿಯಲ್ಲಿ ಬಿದಿರಿಲ್ಲದ ಧೂಪ ಸಿಗುತ್ತದೆ, ಬೆಲೆ ಡಬಲ್. ಸಾಂಬ್ರಾಣಿ ಕಪ್ ಇನ್ನೂ ಕಷ್ಟ. ಅದು ಇದ್ದಿಲ ಬಟ್ಟಲು, ಹೊಗೆ ಮಾಮೂಲಿ ಬತ್ತಿಗಿಂತ ದಪ್ಪ, ಜೊತೆಗೆ ಕಾರ್ಬನ್ ಮೊನಾಕ್ಸೈಡ್. ಚಳಿಗಾಲದಲ್ಲಿ ರೂಮಿನೊಳಗೆ ಕೆಂಡ ಇಟ್ಟುಕೊಂಡು ಮಲಗಿ ಸತ್ತವರ ಸುದ್ದಿ ಓದಿರುತ್ತೀರಿ. ಕಪ್ ಸಣ್ಣದು, ನಿಜ, ಅನಿಲ ಮಾತ್ರ ಅದೇ.

ನಾನು ಮೈಸೂರಿನವಳು. ಇಲ್ಲಿನ ಅಗರಬತ್ತಿಗೆ 2005ರಲ್ಲೇ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಎಷ್ಟೋ ಮನೆಗಳ ಹೆಂಗಸರು ಬತ್ತಿ ಹೊಸೆದು ಸಂಸಾರ ನಡೆಸಿದ್ದಾರೆ. ಹಾಗಾಗಿ ಬತ್ತಿಯ ಮೇಲೆ ನನಗೆ ದ್ವೇಷವಿಲ್ಲ. ಹಚ್ಚಲೇಬೇಕು ಅಂದರೆ ಪುಡಿಗಳನ್ನೇ ಕಲಸಿ ಹೊಸೆದ ಮಸಾಲ ಬತ್ತಿ ತನ್ನಿ. ಕಪ್ಪು ಬತ್ತಿಯನ್ನು ಸೆಂಟಿನಲ್ಲಿ ಅದ್ದಿ ಮಾಡುವ ಅಗ್ಗದ ಬತ್ತಿಗಳಲ್ಲಿ ಸೆಂಟ್ ತೆಳುಮಾಡಲು ಡಿಇಪಿ ಎಂಬ ದ್ರಾವಕ ಹಾಕುವುದು ಮಾಮೂಲಿ. ಒಂದೇ ಬತ್ತಿ, ಕಿಟಕಿ ತೆರೆದು. ಹಚ್ಚಿ ನೀವು ಹೊರಗೆ ಬನ್ನಿ, ಉರಿದು ಮುಗಿದು ಗಾಳಿ ಆಡಿದ ಮೇಲೆ ಹೋಗಿ ಕೂರಿ. ಪರಿಮಳ ಅಲ್ಲೇ ಇರುತ್ತದೆ. ಬಾಲ್ಕನಿಯ ತುಳಸಿ ಮುಂದೆ ಹಚ್ಚಿದರೆ ಇನ್ನೂ ಒಳ್ಳೆಯದು. ಮಗನ ವಿಷಯದಲ್ಲಿ ಈ ರಿಯಾಯಿತಿಯೂ ಇಲ್ಲ, ಅವನು ಕೂರುವ ರೂಮಿನಲ್ಲಿ ಹೊಗೆಯೇ ಬೇಡ. ಮತ್ತೆ ಪ್ರಾಣಾಯಾಮ ಶುರುವಾಯಿತೆಂದು ಅವನ ಇನ್‌ಹೇಲರ್ ನಿಲ್ಲಿಸಿದ್ದರೆ ಇವತ್ತೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಇನ್‌ಹೇಲರ್ ಚಟ ಹಿಡಿಯುತ್ತದೆ ಅನ್ನುವವರ ಮಾತು ಕೇಳಿದವರನ್ನು ನಾನು ಐಸಿಯುನಲ್ಲಿ ನೋಡಿದ್ದೇನೆ.

ಹಾಗಾದರೆ ಆ ರೂಮಿಗೆ ಏನು ತರಬೇಕು? ನನ್ನನ್ನು ಕೇಳಿದರೆ ಒಂದು ಸಾಣೆಕಲ್ಲು, ಒಂದು ಗಂಧದ ಕೊರಡು. ನಾಲ್ಕು ಹನಿ ನೀರು ಹಾಕಿ ಐದು ನಿಮಿಷ ಗಂಧ ತೇಯಿರಿ. ಕೈ ನಿಧಾನವಾಗುತ್ತದೆ, ಉಸಿರೂ ನಿಧಾನವಾಗುತ್ತದೆ, ಪರಿಮಳ ಮಣಿಕಟ್ಟಿನಲ್ಲೇ ಉಳಿಯುತ್ತದೆ, ಹೊಗೆ ಸೊನ್ನೆ. ಇನ್‌ಸ್ಟಾಗ್ರಾಂನಲ್ಲಿ "ಮೈಂಡ್‌ಫುಲ್" ಎಂದು ಸಾವಿರಾರು ರೂಪಾಯಿಗೆ ಮಾರುವುದನ್ನು ನಮ್ಮ ದೇವರಮನೆಗಳಲ್ಲಿ ದಿನಾ ಮಾಡುತ್ತಿದ್ದರು. ಕೊರಡು ಕಾವೇರಿ ಎಂಪೋರಿಯಂನಂಥ ಕಡೆ ಬಿಲ್ ಸಮೇತ ತನ್ನಿ. ರಸ್ತೆ ಬದಿ ಅಗ್ಗಕ್ಕೆ ಸಿಗುವುದು ಬಹಳ ಸಲ ಬೇರೆ ಯಾವುದೋ ಮರ, ಮೇಲೆ ಸೆಂಟ್. ಗಂಧ ಬೇಡ ಅಂದರೆ ಒಂದು ಮಣ್ಣಿನ ಬಟ್ಟಲಿನಲ್ಲಿ ನೀರು, ಅದರಲ್ಲಿ ಲಾವಂಚದ ಬೇರು, ದಿನಾ ನೀರು ಬದಲಿಸಿ. ಮಲ್ಲಿಗೆ ಕಾಲದಲ್ಲಿ ಒಂದು ಮೊಳ ಹೂವು ಸಾಕು, ಮಗನಿಗೆ ಆ ವಾಸನೆಗೆ ಕೆಮ್ಮು ಬರದಿದ್ದರೆ.

ಕೂರಲು ದಪ್ಪ ರಗ್ಗು, ಜೂಲು ಕಂಬಳಿ ಬೇಡ. ಧೂಳಿನ ಹುಳುಗಳಿಗೆ ಅದೇ ಮನೆ. ತೊಳೆದು ಬಿಸಿಲಿಗೆ ಹಾಕಬಹುದಾದ ಹತ್ತಿಯ ಜಮಖಾನೆ ಹಾಸಿ, ನವಲಗುಂದದ್ದು ಸಿಕ್ಕರೆ ಕಣ್ಣಿಗೂ ಚಂದ. ಎಣ್ಣೆ ದೀಪ ಇಡಬಹುದು. ಬತ್ತಿ ಚಿಕ್ಕದಿರಲಿ, ಜ್ವಾಲೆ ಕುಣಿಯದ ಜಾಗದಲ್ಲಿರಲಿ. ಹಿಂದಿನ ಗೋಡೆ ಕಪ್ಪಾಗುತ್ತಿದ್ದರೆ ಬತ್ತಿ ದೊಡ್ಡದಾಯಿತು ಎಂದರ್ಥ, ಆ ಮಸಿ ನಿಮ್ಮೊಳಗೂ ಹೋಗುತ್ತಿದೆ. ಊದಿ ಆರಿಸಬೇಡಿ, ಹೊಗೆ ಏಳುತ್ತದೆ. ಬತ್ತಿಯನ್ನು ಎಣ್ಣೆಗೆ ಜಾರಿಸಿ.

ಪ್ರಶ್ನೆ: ತುಪ್ಪದ ದೀಪದಿಂದ ಆಮ್ಲಜನಕ ಬರುತ್ತದೆಯಾ? 10 ಗ್ರಾಂ ತುಪ್ಪ ಹೋಮಕ್ಕೆ ಹಾಕಿದರೆ ಒಂದು ಟನ್ ಎಂದು ಓದಿದೆ.

ಉತ್ತರ: 10 ಗ್ರಾಂನಿಂದ ಒಂದು ಟನ್ ಹೇಗೆ ಬರುತ್ತದೆ ಸ್ವಾಮಿ? ಬೆಂಕಿ ಆಮ್ಲಜನಕವನ್ನು ತಿನ್ನುತ್ತದೆ.

ಪ್ರಶ್ನೆ: ಹಿಮಾಲಯದ ಉಪ್ಪಿನ ದೀಪ ನೆಗೆಟಿವ್ ಅಯಾನ್ ಬಿಟ್ಟು ಗಾಳಿ ಶುದ್ಧ ಮಾಡುತ್ತದಂತೆ. ಮಂಗಳೂರಿನ ಮನೆಗೆ ತರಬಹುದಾ?

ಉತ್ತರ: ಒಳಗಿರುವುದು ಸಣ್ಣ ಬಲ್ಬು, ಹೊರಗಿರುವುದು ಪಾಕಿಸ್ತಾನದ ಪಂಜಾಬಿನ ಗಣಿಗಳ ಉಪ್ಪು. ಗಾಳಿಗೆ ಏನೂ ಆಗುವುದಿಲ್ಲ. ಬೆಳಕು ಹಿತವಾಗಿದೆ ಅಂದರೆ ತನ್ನಿ, ಆದರೆ ನಿಮ್ಮೂರಿನ ಮಳೆಗಾಲದಲ್ಲಿ ಅದು ನೀರು ಬಿಟ್ಟು ಟೇಬಲ್ ಒದ್ದೆ ಮಾಡುತ್ತದೆ, ಒಳಗೆ ಕರೆಂಟ್ ವೈರ್ ಇದೆ ಎಂಬುದು ನೆನಪಿರಲಿ.

ಪ್ರಶ್ನೆ: ಏಳು ಲೋಹದ ಟಿಬೆಟನ್ ಸಿಂಗಿಂಗ್ ಬೌಲ್ ಶ್ವಾಸಕೋಶಕ್ಕೆ ಒಳ್ಳೆಯದಾ?

ಉತ್ತರ: ಹೊಗೆ ಬರುವುದಿಲ್ಲ, ಹಾಗಾಗಿ ನನ್ನ ತಕರಾರಿಲ್ಲ. ಕೋಲಿನಿಂದ ತಟ್ಟಿ ನಾದ ಎಬ್ಬಿಸುವ ಇಂಥ ಬಟ್ಟಲುಗಳನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ಮುಖ್ಯವಾಗಿ ತಾಮ್ರ ಮತ್ತು ತವರ, ಅಂದರೆ ನಮ್ಮ ಕಂಚು. ಏಳು ಲೋಹದ ದುಡ್ಡು ಕೊಡಬೇಡಿ.

ಪ್ರಶ್ನೆ: ಗಾಳಿ ಶುದ್ಧ ಮಾಡಲು ಯಾವ ಗಿಡ? ನಾಸಾ ಕೂಡ ಹೇಳಿದೆಯಲ್ಲ.

ಉತ್ತರ: ನಾಸಾದ 1989ರ ಪ್ರಯೋಗ ನಡೆದದ್ದು ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ. 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ನೋಡಿದವರ ಪ್ರಕಾರ, ಕಿಟಕಿ ತೆರೆದಷ್ಟು ಪರಿಣಾಮ ಬೇಕೆಂದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕು. ಕಿಟಕಿ ತೆಗೆಯಿರಿ.

ಪ್ರಶ್ನೆ: ಎರಡು ತಿಂಗಳ ಕೂಸಿಗೆ ಸ್ನಾನ ಆದ ಮೇಲೆ ಸಾಂಬ್ರಾಣಿ ಹೊಗೆ ಹಾಕಿದರೆ ಚೆನ್ನಾಗಿ ನಿದ್ದೆ ಮಾಡುತ್ತದೆ. ಅತ್ತೆ ಬಿಡುವುದಿಲ್ಲ.

ಉತ್ತರ: ಬಿಸಿನೀರಿನ ಸ್ನಾನ ಮಾಡಿಸಿ ಹಾಲು ಕುಡಿಸಿದರೆ ಹೊಗೆ ಇಲ್ಲದೆಯೂ ಮಲಗುತ್ತದೆ. ತಲೆಗೂದಲು ಮೆತ್ತನೆ ಟವೆಲಿನಲ್ಲಿ ಒರೆಸಿ. ಅತ್ತೆಯವರಿಗೆ ಡಾಕ್ಟರು ಬೈದರು ಎಂದು ನನ್ನ ಹೆಸರನ್ನೇ ಹೇಳಿ, ಬೇಜಾರಿಲ್ಲ.

ಪ್ರಶ್ನೆ: ಸೊಳ್ಳೆಗೂ ಆಗುತ್ತದೆ, ಪೂಜೆಗೂ ಆಗುತ್ತದೆ ಎಂದು ಒಂದು ಅಗರಬತ್ತಿ ಮಾರುತ್ತಾರಲ್ಲ?

ಉತ್ತರ: ಸೊಳ್ಳೆ ಸಾಯಿಸುವುದು ಕೀಟನಾಶಕ. 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಆಗಿರಬೇಕು, ಪ್ಯಾಕೆಟ್ ಮೇಲೆ ಆ ಸಂಖ್ಯೆ ಇರಬೇಕು. ಇಲ್ಲದಿದ್ದರೆ ಮುಟ್ಟಬೇಡಿ. ಸೊಳ್ಳೆ ಪರದೆ ಕಟ್ಟಿ.

ಪ್ರಶ್ನೆ: ಡಿಫ್ಯೂಸರಿಗೆ ನೀಲಗಿರಿ ಎಣ್ಣೆ, ಕರ್ಪೂರ ಹಾಕುತ್ತೇವೆ. ಇದರಲ್ಲಂತೂ ಹೊಗೆ ಇಲ್ಲ, ಅಲ್ವಾ?

ಉತ್ತರ: ಹೊಗೆ ಇಲ್ಲ, ಆದರೆ ಎರಡೂ ನರಗಳ ಮೇಲೆ ಕೆಲಸ ಮಾಡುವ ವಸ್ತುಗಳು. ನೀಲಗಿರಿ ಎಣ್ಣೆಯಿಂದ ಫಿಟ್ಸ್ ಬಂದ ಪ್ರಕರಣಗಳನ್ನು ಬೆಂಗಳೂರಿನ ನರತಜ್ಞರೇ ವರದಿ ಮಾಡಿದ್ದಾರೆ. ಮನೆಯಲ್ಲಿ ಫಿಟ್ಸ್ ಇರುವವರು, ಚಿಕ್ಕ ಮಕ್ಕಳು ಇದ್ದರೆ ಬೇಡವೇ ಬೇಡ. ಶೀತಕ್ಕೆಂದು ಕೂಸಿನ ಎದೆಗೆ, ನೆತ್ತಿಗೆ ಕರ್ಪೂರದ ಎಣ್ಣೆ ಹಚ್ಚುವುದನ್ನೂ ನಿಲ್ಲಿಸಿ. ಕರ್ಪೂರದ ಡಬ್ಬಿಯನ್ನು ಕಲ್ಲುಸಕ್ಕರೆ ಪಕ್ಕ ಇಡುವ ಅಭ್ಯಾಸ ಎಷ್ಟೋ ದೇವರಮನೆಗಳಲ್ಲಿದೆ, ಮಗುವಿನ ಕಣ್ಣಿಗೆ ಎರಡೂ ಒಂದೇ. ಒಂದು ಗ್ರಾಂನಷ್ಟು ನುಂಗಿದರೂ ಚಿಕ್ಕ ಮಗುವಿನ ಜೀವಕ್ಕೆ ಅಪಾಯ, ಕೆಲವೇ ನಿಮಿಷಗಳಲ್ಲಿ ಫಿಟ್ಸ್ ಬರಬಹುದು. ನುಂಗಿದೆ ಅನ್ನುವ ಅನುಮಾನ ಬಂದರೂ ಬೆರಳು ಹಾಕಿ ವಾಂತಿ ಮಾಡಿಸಬೇಡಿ, ಹಾಲು ಕುಡಿಸುತ್ತಾ ಕೂರಬೇಡಿ. ಸೀದಾ ಆಸ್ಪತ್ರೆಗೆ ಹೋಗಿ, ಡಬ್ಬಿಯನ್ನೂ ಜೊತೆಗೆ ತೆಗೆದುಕೊಂಡು ಹೋಗಿ.