ಪೇರಲದ ಬಟರ್ ಗಟ್ಟಿಯಾಗಬೇಕಾದರೆ ಮುಚ್ಚಳ ತೆಗೆಯಿರಿ

ಚಳಿಗಾಲದಲ್ಲಿ ಪೇರಲ ಅಗ್ಗವಾದ ಕೂಡಲೇ ಸ್ಲೋ ಕುಕ್ಕರಿನಲ್ಲಿ (ಕಡಿಮೆ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆ) ಫ್ರೂಟ್ ಬಟರ್, ಅಂದರೆ ಚಪಾತಿಗೆ ಸವರುವಷ್ಟು ಮಂದವಾಗಿಸಿದ ಹಣ್ಣಿನ ತಿರುಳು, ಮಾಡಲು ಹೊರಟವರ ಪತ್ರಗಳು ಬರತೊಡಗುತ್ತವೆ. ಹೆಚ್ಚಿನವು ಕಳೆದ ವರ್ಷ ಕೇಳಿದ ಪ್ರಶ್ನೆಗಳೇ. ಉತ್ತರಿಸಿದ ಮೇಲೂ ಅವು ಮರಳಿ ಬರುತ್ತಿರುವುದಕ್ಕೆ ಮುಖ್ಯ ಕಾರಣ, ಅರ್ಧ ವಿಧಾನವನ್ನು ತೋರಿಸಿ ಪೂರ್ತಿ ಭರವಸೆ ಕೊಡುವ ವಿಡಿಯೋಗಳು. ಹಣ್ಣು ತೊಳೆಯುವುದು, ಹುಳುಕು ತೆಗೆಯುವುದು, ಬಾಟಲಿಯನ್ನು ಶುಚಿಗೊಳಿಸುವುದು ಮೊದಲಾದವನ್ನು ನಾನು ಇಲ್ಲಿ ವಿವರಿಸುವುದಿಲ್ಲ. ಅವು ಅಡುಗೆಮನೆಗೆ ಕಾಲಿಡುವ ಪ್ರತಿಯೊಬ್ಬರಿಗೂ ಗೊತ್ತಿರಬೇಕಾದ ಸಂಗತಿಗಳು.

ಪ್ರಶ್ನೆ: ಒಂದೂವರೆ ಕಿಲೋ ಪೇರಲದ ತಿರುಳನ್ನು ವಿಡಿಯೋದಲ್ಲಿ ಹೇಳಿದಂತೆಯೇ ಸ್ಲೋ ಕುಕ್ಕರಿನಲ್ಲಿ ಹಾಕಿ, ಕಡಿಮೆ ಉರಿಯ ಗುಂಡಿ ಒತ್ತಿ, ಮುಚ್ಚಳ ಮುಚ್ಚಿ ರಾತ್ರಿಯಿಡೀ ಬೇಯಿಸಿದೆ. ಬೆಳಿಗ್ಗೆ ಬಣ್ಣ ಕಂದಾಗಿತ್ತು, ಆದರೆ ತಿರುಳು ಮೊದಲಿನಷ್ಟೇ ನೀರಾಗಿತ್ತು. ಸಕ್ಕರೆ ಹಾಕಿರಲಿಲ್ಲ. ಬಾಟಲಿಗೆ ತುಂಬಿ ಕಪಾಟಿನಲ್ಲಿಟ್ಟರೆ ಎಂಟೇ ದಿನಕ್ಕೆ ಬೂಷ್ಟು ಬಂತು. ಹೊರಗಿಟ್ಟರೂ ಆರು ತಿಂಗಳು ಕೆಡುವುದಿಲ್ಲ ಎಂದಿದ್ದರು. ತಪ್ಪಿದ್ದು ಎಲ್ಲಿ? (ಟಿಳಕವಾಡಿ, ಬೆಳಗಾವಿ)

ಉತ್ತರ: ನೀವು ಮುಚ್ಚಳ ಮುಚ್ಚಿದಲ್ಲಿಯೇ ಮೊದಲು ತಪ್ಪಿತು. ಸ್ಲೋ ಕುಕ್ಕರನ್ನು ರೂಪಿಸಿರುವುದೇ ನೀರು ಹೊರಹೋಗದಂತೆ. ಏಳುವ ಆವಿ ಗಾಜಿನ ಮುಚ್ಚಳಕ್ಕೆ ತಾಗಿ, ಹನಿಗಟ್ಟಿ, ಅಂಚಿನಗುಂಟ ಇಳಿದು ಮತ್ತೆ ಪಾತ್ರೆಗೇ ಸೇರುತ್ತದೆ. ಬೇಳೆಗೋ ಕಾಳಿಗೋ ಇದು ಅನುಕೂಲ. ಫ್ರೂಟ್ ಬಟರ್ ಎಂದರೆ ಹಣ್ಣಿನ ತಿರುಳಿನಿಂದ ನೀರನ್ನು ನಿಧಾನವಾಗಿ ತೆಗೆಯುವ ಕೆಲಸವಾದ್ದರಿಂದ ಇಲ್ಲಿ ಅದೇ ಗುಣ ಅಡ್ಡಿಯಾಗುತ್ತದೆ. ಬೆಳಗಾವಿಯಲ್ಲಿ ಕುಂದಾ ಮಾಡುವವರು ಯಾರೂ ಹಾಲಿನ ಕಡಾಯಿಗೆ ಮುಚ್ಚಳ ಮುಚ್ಚಿ ಹಾಲು ಗಟ್ಟಿಯಾಗಲಿ ಎಂದು ಕಾಯುವುದಿಲ್ಲ. ಬಣ್ಣ ಕಂದಾದದ್ದನ್ನು ನೋಡಿ ಹದ ಬಂದಿತೆಂದು ನಂಬಬೇಡಿ; ದೀರ್ಘಕಾಲದ ಬಿಸಿಗೆ ತಿರುಳು ಕಂದಾಗುತ್ತದೆ, ಅದಕ್ಕೂ ನೀರು ಕಡಿಮೆಯಾಗುವುದಕ್ಕೂ ಸಂಬಂಧವಿಲ್ಲ.

ಎಷ್ಟು ಹೊತ್ತು ಬೇಕು ಎಂಬುದನ್ನು ವಿಡಿಯೋ ನೋಡಿ ತಿಳಿಯುವ ಬದಲು ಲೆಕ್ಕ ಹಾಕಿ ತಿಳಿಯಬಹುದು. ಕುದಿಯುವ ಬಿಸಿಗೆ ಬಂದ ಒಂದು ಲೀಟರ್ ನೀರನ್ನು ಪೂರ್ತಿ ಆವಿಯಾಗಿಸಲು ಸುಮಾರು 0.63 ಯೂನಿಟ್ ವಿದ್ಯುತ್ ಬೇಕು. ಮನೆಗಳಲ್ಲಿರುವ ಮೂರೂವರೆ ಲೀಟರಿನ ಸ್ಲೋ ಕುಕ್ಕರ್ ಹೆಚ್ಚಿನ ಉರಿಯಲ್ಲಿಯೂ 200 ವಾಟಿನ ಆಸುಪಾಸಿನದು. ಅಂದರೆ ಒಂದು ಹನಿ ಬಿಸಿಯೂ ವ್ಯರ್ಥವಾಗದಿದ್ದರೂ ಒಂದು ಲೀಟರ್ ನೀರು ಹೋಗಲು ಮೂರು ಗಂಟೆಗೂ ಹೆಚ್ಚು ಹೊತ್ತು ಹಿಡಿಯುತ್ತದೆ. ಪಾತ್ರೆಯ ಗೋಡೆಯಿಂದ ಹೊರಹೋಗುವ ಬಿಸಿಯನ್ನೂ ಗಣನೆಗೆ ತೆಗೆದುಕೊಂಡರೆ ಅದು ಎರಡು ಮೂರು ಪಟ್ಟಾಗುವುದು ಸಹಜ. ಕಡಿಮೆ ಉರಿಯಲ್ಲಿ ಇನ್ನೂ ನಿಧಾನ. ಮುಚ್ಚಳ ಮುಚ್ಚಿದ್ದರೆ ಹತ್ತು ಗಂಟೆಯಲ್ಲ, ಇಪ್ಪತ್ತು ಗಂಟೆ ಇಟ್ಟರೂ ಫಲವಿಲ್ಲ.

ಎರಡನೆಯ ತಪ್ಪು, ಸಕ್ಕರೆಯನ್ನು ಬಿಟ್ಟು ಸಕ್ಕರೆ ಹಾಕಿದ್ದರ ಹದವನ್ನು ನಿರೀಕ್ಷಿಸಿದ್ದು. ಅಮೆರಿಕದ ಆಹಾರ ನಿಯಮದಲ್ಲಿ ಫ್ರೂಟ್ ಬಟರ್ ಎನಿಸಿಕೊಳ್ಳಲು ಕರಗಿದ ಘನಾಂಶ, ಎಂದರೆ ಮುಖ್ಯವಾಗಿ ಸಕ್ಕರೆ ಮತ್ತು ಹುಳಿ, ಶೇ 43ಕ್ಕಿಂತ ಕಡಿಮೆ ಇರಬಾರದು. ನಾನು ಕಲಿಸುವಾಗಲೂ ಅದನ್ನೇ ಗುರಿಯಾಗಿ ಇಟ್ಟುಕೊಳ್ಳುತ್ತೇನೆ. ಪೇರಲದ ತಿರುಳಿನಲ್ಲಿ ಅದು ಶೇ 12ರ ಆಸುಪಾಸು ಇರುತ್ತದೆ ಎಂದು ಹಿಡಿಯಿರಿ. ಒಂದು ಕಿಲೋ ತಿರುಳಿಗೆ 250 ಗ್ರಾಂ ಸಕ್ಕರೆ ಹಾಕಿದರೆ ಒಟ್ಟು ಘನಾಂಶ 370 ಗ್ರಾಂ ಆಗುತ್ತದೆ. ಪಾತ್ರೆಯಲ್ಲಿರುವುದು ಸುಮಾರು 860 ಗ್ರಾಮಿಗೆ ಇಳಿದಾಗ ಹದ ಸಿಗುತ್ತದೆ. ಸಕ್ಕರೆಯೇ ಇಲ್ಲದಿದ್ದರೆ ಅದೇ ಒಂದು ಕಿಲೋ ತಿರುಳು ಸುಮಾರು 280 ಗ್ರಾಮಿಗೆ ಇಳಿಯಬೇಕು. ಸಕ್ಕರೆ ಹಾಕದವರಲ್ಲಿ ಹೆಚ್ಚಿನವರು ತಿರುಳು ಅರ್ಧಕ್ಕೆ ಇಳಿದ ಕೂಡಲೇ ಗಟ್ಟಿಯಾಯಿತೆಂದು ಒಲೆ ಆರಿಸುತ್ತಾರೆ. ಅಲ್ಲಿ ಘನಾಂಶ ಶೇ 24ರಷ್ಟೇ ಇರುತ್ತದೆ, ಉಳಿದದ್ದರಲ್ಲಿ ಬಹುಪಾಲು ನೀರು. ಪೇರಲದಲ್ಲಿ ತಿರುಳನ್ನು ಮಂದವಾಗಿಸುವ ಪೆಕ್ಟಿನ್ ಎಂಬ ಅಂಶ ಹೇರಳವಾಗಿರುವುದರಿಂದ ಅದು ನೋಡಲು ಮಂದವಾಗಿ ಕಾಣುತ್ತದೆ, ಆದರೆ ಬೂಷ್ಟಿಗೆ ಬೇಕಾದ ನೀರು ಅದರಲ್ಲಿ ಧಾರಾಳವಾಗಿ ಉಳಿದಿರುತ್ತದೆ.

ಸರಿಯಾದ ಕ್ರಮವನ್ನು ಒಮ್ಮೆ ಹೇಳುತ್ತೇನೆ. ಹಣ್ಣಾದ ಪೇರಲವನ್ನು ಹೆಚ್ಚಿ, ತಳ ಹಿಡಿಯದಷ್ಟು ಮಾತ್ರ ನೀರು ಹಾಕಿ, ಗ್ಯಾಸಿನ ಮೇಲೆ ಮೆತ್ತಗಾಗುವವರೆಗೆ ಬೇಯಿಸಿ, ಜರಡಿಯಲ್ಲಿ ಉಜ್ಜಿ ಬೀಜ ತೆಗೆಯಿರಿ. ಮಿಕ್ಸಿಗೆ ಹಾಕಿ ಬೀಜ ಸಮೇತ ಅರೆದರೆ ಹಲ್ಲಿಗೆ ಮರಳು ಸಿಕ್ಕಂತಾಗುತ್ತದೆ, ಅದನ್ನು ಆಮೇಲೆ ಯಾವ ಉಪಾಯದಿಂದಲೂ ಸರಿಪಡಿಸಲಾಗದು. ತಿರುಳು ಬಿಸಿಯಿರುವಾಗಲೇ ಅದನ್ನು ಸ್ಲೋ ಕುಕ್ಕರಿಗೆ ಹಾಕಿ, ಪಾತ್ರೆ ಅರ್ಧದಿಂದ ಮುಕ್ಕಾಲಿನೊಳಗೆ ತುಂಬಿರಲಿ. ಹೆಚ್ಚಿನ ಉರಿಯಲ್ಲಿ ಮುಚ್ಚಳ ಮುಚ್ಚಿ, ಅಂಚಿನಲ್ಲಿ ಗುಳ್ಳೆ ಏಳಲು ಬಿಡಿ. ಆನಂತರ ಮುಚ್ಚಳವನ್ನು ಪೂರ್ತಿ ತೆಗೆದುಬಿಡಿ. ಸಿಡಿಯುವ ಭಯವಿದ್ದರೆ ಮೇಲೆ ತಂತಿ ಜಾಳಿಗೆ ಇಡಿ. ಒಂದು ಮರದ ಸೌಟನ್ನು ತಳಕ್ಕೆ ನೇರವಾಗಿ ಊರಿ, ತಿರುಳು ತಾಗಿದ ಎತ್ತರಕ್ಕೆ ಪೆನ್ಸಿಲಿನಿಂದ ಗೆರೆ ಎಳೆದಿಟ್ಟುಕೊಂಡರೆ ಎಷ್ಟು ಇಳಿಯಿತು ಎಂಬುದು ಊಹೆಯಿಲ್ಲದೆ ತಿಳಿಯುತ್ತದೆ.

ಸಕ್ಕರೆಯನ್ನು ಮೊದಲೇ ಹಾಕಬೇಡಿ, ಗೋಡೆಗೆ ಅಂಟಿ ಕರಕಲಾಗುತ್ತದೆ. ತಿರುಳು ಮೂರನೇ ಒಂದು ಭಾಗ ಇಳಿದ ಮೇಲೆ, ಮೊದಲು ಹಾಕಿದ ತಿರುಳಿನ ಲೆಕ್ಕದಲ್ಲಿ ಕಿಲೋಗೆ 250 ಗ್ರಾಂ ಸಕ್ಕರೆಯನ್ನೂ ಎರಡು ದೊಡ್ಡ ಚಮಚ ನಿಂಬೆರಸವನ್ನೂ ಹಾಕಿ. ಸಕ್ಕರೆ ಕರಗಿದಾಗ ಎಲ್ಲವೂ ಮತ್ತೆ ತೆಳ್ಳಗಾಗಿ ಕಾಣುತ್ತದೆ, ಗಾಬರಿಯಾಗಬೇಡಿ. ಅಲ್ಲಿಂದ ಮುಂದೆ ಅರ್ಧ ಗಂಟೆಗೊಮ್ಮೆ ಗೋಡೆ ಕೆರೆದು ತಿರುವಬೇಕು. ದಾಲ್ಚಿನ್ನಿ, ಏಲಕ್ಕಿ ಹಾಕುವುದಿದ್ದರೆ ಕೊನೆಯ ಅರ್ಧ ಗಂಟೆಯಲ್ಲಿ ಹಾಕಿ.

ಹದ ನೋಡಲು ಒಂದು ಸ್ಟೀಲ್ ತಟ್ಟೆಯನ್ನು ಫ್ರಿಜ್‌ನಲ್ಲಿ ತಣ್ಣಗಾಗಿಸಿ, ಅದರ ಮೇಲೆ ಒಂದು ಚಮಚ ಬಟರ್ ಹಾಕಿ ಎರಡು ನಿಮಿಷ ಬಿಟ್ಟು ನೋಡಿ. ಹದ ಬಂದಿರದಿದ್ದರೆ ಗುಡ್ಡೆಯ ಸುತ್ತ ತೆಳ್ಳನೆಯ ನೀರಿನ ಉಂಗುರವೊಂದು ಹೊರಬಂದು ತಟ್ಟೆಯ ಮೇಲೆ ಹರಡುತ್ತದೆ. ಉಂಗುರ ಮೂಡದೆ, ಗುಡ್ಡೆ ಕುಸಿಯದೆ, ಬೆರಳಿನಿಂದ ಎಳೆದ ಗೆರೆ ಹಾಗೇ ಉಳಿದರೆ ಆಯಿತೆಂದು ತಿಳಿಯಿರಿ. ಇದಕ್ಕಿಂತ ಉತ್ತಮವಾದ ಪರೀಕ್ಷೆ ಮನೆಯಲ್ಲಿ ಬೇರೆ ಇಲ್ಲ. ಜಾಮಿಗೆ ಬಳಸುವ ಥರ್ಮಾಮೀಟರನ್ನು ಇಲ್ಲಿಗೆ ತರಬೇಡಿ. ಫ್ರೂಟ್ ಬಟರ್ ಆ ಬಿಸಿಗೆ ಏರುವುದೇ ಇಲ್ಲ.

ಇನ್ನು ಆರು ತಿಂಗಳ ಮಾತು. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಜಾಮಿನಲ್ಲಿ ಕರಗಿದ ಘನಾಂಶ ಕನಿಷ್ಠ ಶೇ 65 ಇರಬೇಕು. ಜಾಮು ಬೇಗ ಕೆಡದಿರುವುದಕ್ಕೆ ಅಷ್ಟು ಸಕ್ಕರೆ ನೀರನ್ನು ಹಿಡಿದಿಟ್ಟಿರುವುದೇ ದೊಡ್ಡ ಕಾರಣ. ಸರಿಯಾಗಿ ಮಾಡಿದ ಫ್ರೂಟ್ ಬಟರಿನಲ್ಲಿಯೂ ಅಷ್ಟು ರಕ್ಷಣೆ ಇಲ್ಲ, ನಿಮ್ಮ ಸಕ್ಕರೆಯಿಲ್ಲದ ತಿರುಳಿನಲ್ಲಿ ಇನ್ನೂ ಕಡಿಮೆ. ಗಂಟೆಗಟ್ಟಲೆ ಬೆಂದದ್ದು ಕೆಡುವುದಿಲ್ಲ ಎಂಬುದು ಶುದ್ಧ ಸುಳ್ಳು. ಬೇಯಿಸುವಾಗ ಸತ್ತ ಬೂಷ್ಟಿನ ಜಾಗಕ್ಕೆ ತುಂಬುವಾಗ ಗಾಳಿಯಿಂದ, ಚಮಚದಿಂದ, ಮುಚ್ಚಳದಿಂದ ಹೊಸದು ಬಂದು ಕೂರುತ್ತದೆ. ಮಾಡಿದ್ದನ್ನು ಫ್ರಿಜ್‌ನಲ್ಲಿಟ್ಟು ಮೂರು ವಾರದೊಳಗೆ ಮುಗಿಸಿ. ಉಳಿದದ್ದನ್ನು ಚಿಕ್ಕ ಡಬ್ಬಿಗಳಲ್ಲಿ, ಮೇಲೆ ಎರಡು ಸೆಂಟಿಮೀಟರ್ ಜಾಗ ಬಿಟ್ಟು, ಫ್ರೀಜರಿನಲ್ಲಿಡಿ.

ಹೊರಗಿಡಲೇಬೇಕೆಂದರೆ ಬಿಸಿಬಿಸಿ ತುಂಬಿ, ಹೊಸ ಮುಚ್ಚಳ ಹಾಕಿದ ಬಾಟಲಿಗಳನ್ನು ಮುಳುಗುವಷ್ಟು ಕುದಿಯುವ ನೀರಿನಲ್ಲಿ ಇಡಬೇಕು. ಸಕ್ಕರೆ ಹಾಕಿದ ಸೇಬಿನ ಬಟರಿನ ಅರ್ಧ ಲೀಟರಿನೊಳಗಿನ ಬಾಟಲಿಗಳಿಗೆ ಸಮುದ್ರಮಟ್ಟದಲ್ಲಿ 5 ನಿಮಿಷ ಸಾಕು ಎಂದು ಪರೀಕ್ಷಿತ ವಿಧಾನಗಳು ಹೇಳುತ್ತವೆ. 300 ಮೀಟರಿಗಿಂತ ಎತ್ತರದಲ್ಲಿ ಅದು 10 ನಿಮಿಷವಾಗುತ್ತದೆ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 97.5 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ವಿಜಯಪುರ, ಬಾಗಲಕೋಟೆಗಳೂ 300 ಮೀಟರಿಗಿಂತ ಮೇಲೆಯೇ ಇವೆ. ಉಪ್ಪಿನಕಾಯಿಯ ಹಳೆಯ ಬಾಟಲಿ, ಹಳೆಯ ಮುಚ್ಚಳದಲ್ಲಿ ಈ ಕೆಲಸವನ್ನು ನಾನು ಯಾರಿಗೂ ಹೇಳಿಕೊಡುವುದಿಲ್ಲ. ನೀವೂ ಫ್ರಿಜ್‌ನಲ್ಲಿಯೇ ಇಡಿ.

ಪ್ರಶ್ನೆ: ತೋಟದಲ್ಲಿ ಚಿಕ್ಕು ಬೇಕಾದಷ್ಟಿದೆ. ಇದೇ ಕ್ರಮದಲ್ಲಿ ಚಿಕ್ಕು ಬಟರ್ ಮಾಡಿ ಬಾಟಲಿ ತುಂಬಬಹುದೇ? (ಬಾಗಲಕೋಟೆ)

ಉತ್ತರ: ಮಾಡಬಹುದು, ಬಾಟಲಿ ತುಂಬಿ ಹೊರಗಿಡಲಾಗದು. ಹುಳಿಯ ಅಳತೆಯಾದ ಪಿಎಚ್ (ಹುಳಿ ಹೆಚ್ಚಿದಷ್ಟೂ ಇದು ಕಡಿಮೆ) 4.6ಕ್ಕಿಂತ ಕೆಳಗಿದ್ದರೆ ಬೊಟುಲಿಸಂ ಎಂಬ ಮಾರಕ ಆಹಾರವಿಷಬಾಧೆ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಮೊಳೆಯಲಾರವು; ಪೇರಲ, ದ್ರಾಕ್ಷಿ, ಸೇಬು ಸಾಮಾನ್ಯವಾಗಿ ಈ ಗೆರೆಯ ಕೆಳಗಿರುತ್ತವೆ. ಮಾಗಿದ ಚಿಕ್ಕು, ಪಪ್ಪಾಯ, ಕುಂಬಳ ಆ ಗೆರೆಯ ಮೇಲಿರುತ್ತವೆ. ಕುದಿಯುವ ನೀರು ಆ ಬೀಜಕಣಗಳನ್ನು ಕೊಲ್ಲುವುದಿಲ್ಲ, ಗಾಳಿಯಿಲ್ಲದ ಮುಚ್ಚಿದ ಬಾಟಲಿ ಅವುಗಳಿಗೆ ಹೇಳಿಮಾಡಿಸಿದ ಜಾಗ, ಅವು ಬಿಡುವ ವಿಷಕ್ಕೆ ಬಣ್ಣವೂ ವಾಸನೆಯೂ ಇರಬೇಕೆಂದಿಲ್ಲ. ವಿಜಯಪುರ ಜಿಲ್ಲೆಯ ಇಂಡಿ ಊರಿನ ನಿಂಬೆ ಎಷ್ಟೇ ಹುಳಿಯಿದ್ದರೂ ಎಷ್ಟು ಹಿಂಡಿದರೆ ಸಾಕೆಂದು ಅಳೆಯದೆ ಹೇಳಲು ಬರುವುದಿಲ್ಲ, ನಾಲಿಗೆ ಆ ಅಳತೆಗೋಲಲ್ಲ. ಸ್ವಲ್ಪವೇ ಮಾಡಿ, ನಿಂಬೆರಸ ಹಾಕಿ, ಫ್ರಿಜ್‌ನಲ್ಲಿಟ್ಟು ನಾಲ್ಕೈದು ದಿನದಲ್ಲಿ ತಿಂದು ಮುಗಿಸಿ, ಹೆಚ್ಚಾದದ್ದು ಫ್ರೀಜರಿಗೆ ಹೋಗಲಿ.

ಪ್ರಶ್ನೆ: ಒಂದು ಕಿಲೋ ಹಣ್ಣಿಗೆ ಎಷ್ಟು ಬೆಣ್ಣೆ ಹಾಕಬೇಕು?

ಉತ್ತರ: ಬೆಣ್ಣೆಯನ್ನೂ ತುಪ್ಪವನ್ನೂ ಹಾಕಬಾರದು.

ಪ್ರಶ್ನೆ: ಮೇಲಿನ ಬೂಷ್ಟನ್ನು ಚಮಚದಿಂದ ತೆಗೆದು ಉಳಿದದ್ದನ್ನು ತಿನ್ನಬಹುದಲ್ಲವೇ? ನಮ್ಮ ಹಿರಿಯರು ಹಾಗೇ ಮಾಡುತ್ತಿದ್ದರು.

ಉತ್ತರ: ತಿನ್ನಬಾರದು, ಚೆಲ್ಲಿರಿ. ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣದಂತೆ ಒಳಕ್ಕೆ ಇಳಿದಿರುತ್ತವೆ, ಕೆಲವು ಬೂಷ್ಟುಗಳು ವಿಷ ಬಿಡುತ್ತವೆ. ಬೂಷ್ಟು ಹಣ್ಣಿನ ಹುಳಿಯನ್ನು ತಿಂದು ಪಿಎಚ್ ಅನ್ನು ಏರಿಸುವುದರಿಂದ ಮೇಲೆ ಹೇಳಿದ ರಕ್ಷಣೆಯೂ ಹೋಗುತ್ತದೆ.

ಪ್ರಶ್ನೆ: ಸಕ್ಕರೆಯ ಬದಲು ಜೇನುತುಪ್ಪ ಹಾಕಿದ ಬಟರ್ ಮಧುಮೇಹಿಗಳಿಗೆ ಔಷಧಿಯಂತೆ, ನಿಧಾನವಾಗಿ ಬೇಯಿಸಿದ್ದರಿಂದ ಜೀವಸತ್ವವೂ ಉಳಿಯುತ್ತದೆ ಎಂದು ಮೇಳವೊಂದರಲ್ಲಿ ಬಾಟಲಿ ಮಾರುತ್ತಿದ್ದರು. ನಿಜವೇ?

ಉತ್ತರ: ಎರಡೂ ಸುಳ್ಳು, ಅದರಲ್ಲಿ ಮೊದಲನೆಯದು ಅಪಾಯಕಾರಿ ಸುಳ್ಳು. ಜೇನುತುಪ್ಪದಲ್ಲಿ ಶೇ 80ರಷ್ಟು ಸಕ್ಕರೆಯೇ ಇದೆ. ಏನನ್ನೂ ಬೆರೆಸದ ಬಟರಿನಲ್ಲಿ ಸಹ ಹಣ್ಣಿನ ಸ್ವಂತ ಸಕ್ಕರೆ ಎರಡರಿಂದ ಮೂರೂವರೆ ಪಟ್ಟು ಸಾಂದ್ರವಾಗಿರುತ್ತದೆ. ಇಂಥದ್ದನ್ನು ನಂಬಿ ಮಾತ್ರೆ ಬಿಡುವವರು ಇರುವುದರಿಂದ ನಾನು ಇದನ್ನು ಸಣ್ಣ ಮೋಸವೆಂದು ಕಡೆಗಣಿಸಲಾರೆ. ಒಂದು ವರ್ಷ ತುಂಬದ ಮಕ್ಕಳಿಗಂತೂ ಜೇನುತುಪ್ಪ ಬೆರೆಸಿದ ಯಾವುದನ್ನೂ ನೆಕ್ಕಿಸಬಾರದು. ಪೇರಲದಲ್ಲಿ ಹೇರಳವಾಗಿರುವ ಸಿ ಜೀವಸತ್ವ ಗಂಟೆಗಟ್ಟಲೆ ಗಾಳಿಗೂ ಬಿಸಿಗೂ ಒಡ್ಡಿದಾಗ ಬಹುಪಾಲು ನಾಶವಾಗುತ್ತದೆ; ಅದು ಬೇಕಾದವರು ಹಸಿ ಹಣ್ಣು ತಿನ್ನಬೇಕು. ಬಟರ್ ಇರುವುದು ಚಪಾತಿಗೆ ಸವರಿ ರುಚಿ ನೋಡಲು.

ಪ್ರಶ್ನೆ: ಬಿಸಿ ಬಾಟಲಿಯನ್ನು ತಲೆಕೆಳಗಾಗಿ ಇಟ್ಟರೆ ಗಾಳಿ ಹೋಗಿ ಭದ್ರವಾಗುತ್ತದೆಯೇ?

ಉತ್ತರ: ಇಲ್ಲ. ಮುಚ್ಚಳ ಒಳಕ್ಕೆ ಎಳೆದುಕೊಂಡಂತೆ ಕಂಡರೂ ಆ ಹಿಡಿತ ದುರ್ಬಲವಾಗಿರುತ್ತದೆ.

ಪ್ರಶ್ನೆ: ಸಕ್ಕರೆಯ ಬದಲು ಮಹಾಲಿಂಗಪುರದ ಬೆಲ್ಲ ಹಾಕಬಹುದೇ?

ಉತ್ತರ: ಹಾಕಬಹುದು. ಕರಗಿಸಿ ಸೋಸಿ ಹಾಕಿ, ಕರಗಿಸಲು ಬಳಸಿದ ನೀರು ಆರಲು ಇನ್ನಷ್ಟು ಹೊತ್ತು ಬೇಕಾಗುತ್ತದೆ. ಪೇರಲದ ಪರಿಮಳ ಬೆಲ್ಲದಲ್ಲಿ ಮುಳುಗಿಹೋಗುತ್ತದೆಂಬುದು ನನ್ನ ಅಭಿಪ್ರಾಯ, ಮಾವಿಗೆ ಅದು ಹೊಂದುತ್ತದೆ.

ಪ್ರಶ್ನೆ: ಬೇಯುವಾಗ ವಿದ್ಯುತ್ ಹೋದರೆ ಏನು ಮಾಡಬೇಕು?

ಉತ್ತರ: ನೀವು ಹತ್ತಿರವಿದ್ದರೆ ತಿರುಳನ್ನು ದಪ್ಪ ತಳದ ಪಾತ್ರೆಗೆ ಸುರಿದು ಗ್ಯಾಸಿನ ಮೇಲೆ ಸಣ್ಣ ಉರಿಯಲ್ಲಿ ಮುಂದುವರಿಸಿ. ಮಲಗಿದ್ದಾಗ ಎಷ್ಟು ಹೊತ್ತು ಹೋಗಿತ್ತೆಂದು ಗೊತ್ತಿಲ್ಲದಿದ್ದರೆ, ಮುಟ್ಟಿದಾಗ ಉಗುರುಬೆಚ್ಚಗಿದ್ದರೆ, ಅದನ್ನು ಚೆಲ್ಲಿರಿ ಎಂದೇ ನಾನು ಹೇಳುತ್ತೇನೆ. ಹಣ್ಣು ಹುಳಿಯಾದ್ದರಿಂದ ಅಷ್ಟು ಹೆದರಬೇಕಿಲ್ಲ ಎನ್ನುವವರಿದ್ದಾರೆ, ನಾನು ಅವರ ಪಂಗಡದವನಲ್ಲ. ಮುಚ್ಚಳ ತೆರೆದ ಕುಕ್ಕರನ್ನು ರಾತ್ರಿ ಉರಿಯಲು ಬಿಟ್ಟು ಮಲಗುವುದೇ ಬೇಡ. ಬೆಳಿಗ್ಗೆ ಏಳಕ್ಕೆ ಇಟ್ಟರೆ ಸಂಜೆಯೊಳಗೆ ಕೆಲಸ ಮುಗಿಯುತ್ತದೆ.

ಪ್ರಶ್ನೆ: ದಾಳಿಂಬೆಯಿಂದ ಬಟರ್ ಮಾಡುವುದು ಹೇಗೆ?

ಉತ್ತರ: ದಾಳಿಂಬೆಯಲ್ಲಿ ರಸವಿದೆ, ತಿರುಳಿಲ್ಲ. ಪಾನಕ ಮಾಡಿ.

ಪ್ರಶ್ನೆ: ದ್ರಾಕ್ಷಿಯ ಬಟರ್ ಫ್ರಿಜ್‌ನಲ್ಲಿ ವಾರ ಕಳೆದ ಮೇಲೆ ಗಾಜಿನ ಚೂರಿನಂಥ ಹರಳುಗಳಾಗಿವೆ. ಬಾಟಲಿ ಒಡೆದಿಲ್ಲ. ಚೆಲ್ಲಬೇಕೇ? (ತಿಕೋಟಾ, ವಿಜಯಪುರ)

ಉತ್ತರ: ಚೆಲ್ಲಬೇಡಿ. ದ್ರಾಕ್ಷಿಯಲ್ಲಿರುವ ಟಾರ್ಟಾರಿಕ್ ಆಮ್ಲ ಪೊಟ್ಯಾಸಿಯಮ್ಮಿನೊಡನೆ ಸೇರಿ ತಂಪಿನಲ್ಲಿ ಹರಳುಗಟ್ಟುತ್ತದೆ. ಒಂದು ಹರಳನ್ನು ಬಿಸಿನೀರಿನಲ್ಲಿ ಹಾಕಿ ನೋಡಿ, ಗಾಜಾಗಿದ್ದರೆ ಕರಗದು, ಇದು ಕರಗುತ್ತದೆ. ಕರಗಿದರೆ ಅದರಿಂದ ಅಪಾಯವಿಲ್ಲ. ಮುಂದಿನ ಸಲ ಬೇಯಿಸಿ ಸೋಸಿದ ರಸವನ್ನು ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟು, ತಳದಲ್ಲಿ ಕುಳಿತದ್ದನ್ನು ಕದಡದೆ ಮೇಲಿನದನ್ನಷ್ಟೇ ಕುಕ್ಕರಿಗೆ ಬಗ್ಗಿಸಿದರೆ ಹರಳು ಬಹಳಷ್ಟು ಕಡಿಮೆಯಾಗುತ್ತದೆ.