ಮಾತ್ರೆ ಸರಿಯಿದೆ, ಸಾಲು ಯಾಕೆ ಕುಂಟುತ್ತದೆ?

ಒಂದು ಮಾತ್ರೆಯ ಅಕ್ಷರ ಲಘು; ದೀರ್ಘವೋ, ಮುಂದೆ ಒತ್ತಕ್ಷರ ಇರುವುದೋ ಆದರೆ ಎರಡು ಮಾತ್ರೆ, ಅದು ಗುರು. ಇದಕ್ಕಿಂತ ಹೆಚ್ಚು ಇಲ್ಲಿ ಹೇಳುವುದಿಲ್ಲ. ಹೈಸ್ಕೂಲಿನ ವ್ಯಾಕರಣ ಪುಸ್ತಕ ತೆಗೆದು ನೋಡಿ. ಛಂದಸ್ಸಿನ ಬಗ್ಗೆ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಹಳೆಯವೇ.

ಪ್ರಶ್ನೆ: ಆರು ಸಾಲಿನ ಪದ್ಯವಾದ ಭಾಮಿನಿ ಷಟ್ಪದಿಯಲ್ಲಿ ಬರೆಯುತ್ತಿದ್ದೇನೆ. ‘ಮನೆಯ ಹೊಸ್ತಿಲಲ್ಲಿ ಮಳೆಯ ಹನಿ’ ಎಂಬ ಮೊದಲ ಸಾಲಿಗೆ ಮೊಬೈಲ್ ಆ್ಯಪ್ 14 ಮಾತ್ರೆ ತೋರಿಸುತ್ತದೆ. ಕಾವ್ಯವನ್ನು ರಾಗವಾಗಿ ಓದುವ ಗಮಕಿಯೊಬ್ಬರು ಮಾತ್ರ ಲಯ ಕುಂಟುತ್ತಿದೆ ಎಂದರು. ತಪ್ಪೇನು?

ಉತ್ತರ: ಆ್ಯಪ್ ಎಣಿಸಿತು, ಗಮಕಿ ಕೇಳಿಸಿಕೊಂಡರು. ಭಾಮಿನಿ ನಡೆಯುವುದು ಮೂರು-ನಾಲ್ಕು, ಮೂರು-ನಾಲ್ಕು ಎಂದು; 14 ಆಮೇಲೆ ಕೂಡಿದಾಗ ಬರುವ ಮೊತ್ತ. ನಿಮ್ಮ ಸಾಲಿನಲ್ಲಿ ‘ಮನೆಯ’ ಮೂರು, ಸರಿ. ಮುಂದಿನ ಗಣ, ಅಂದರೆ ಮಾತ್ರೆಗಳ ಗುಂಪು, ನಾಲ್ಕಕ್ಕೆ ಮುಗಿಯಬೇಕು. ‘ಹೊಸ್ತಿ’ಗೇ ಮೂರಾಯಿತು. ಉಳಿದ ಒಂದು ಮಾತ್ರೆಯ ಜಾಗದಲ್ಲಿ ‘ಲ’ ಕೂತಿದೆ, ಅದರ ಮುಂದೆ ‘ಲ್ಲಿ’ ಇರುವುದರಿಂದ ಅದು ಗುರು. ಗಣದ ಗೆರೆ ಅಕ್ಷರದ ಹೊಟ್ಟೆಯ ಮೇಲೇ ಬಿತ್ತು. ‘ಮನೆಯ ಹೊಸ್ತಿಲ ಮೇಲೆ ಮಳೆಹನಿ’ ಎಂದು ಓದಿ: ಮನೆಯ | ಹೊಸ್ತಿಲ | ಮೇಲೆ | ಮಳೆಹನಿ. ಅದೇ 14, ಕುಂಟು ಹೋಯಿತು.

ಹಾಗಂತ ಪ್ರತಿ ಗಣಕ್ಕೂ ಪದ ಮುಗಿಯಬೇಕು ಎಂದುಕೊಳ್ಳಬೇಡಿ. ಪದ ಗಣ ದಾಟಬಹುದು, ಸಾಲನ್ನೂ ದಾಟಬಹುದು. ಕುಮಾರವ್ಯಾಸನಲ್ಲಿ ಪುಟಪುಟಕ್ಕೂ ದಾಟುತ್ತದೆ. ಸೀಳಬಾರದ್ದು ಗುರುವನ್ನು.

ಇನ್ನೊಂದು ಬಗೆಯ ಕುಂಟು ಇದೆ, ಅದು ಇನ್ನೂ ಕಳ್ಳ. ‘ಹಳೇ ಮನೆಯಲಿ’ ಎಂದು ಬರೆದರೆ ಮೂರು-ನಾಲ್ಕು ಲೆಕ್ಕ ಪಕ್ಕಾ. ಆದರೂ ಬಾಯಿ ಎಡವುತ್ತದೆ, ಏಕೆಂದರೆ ಗಣ ಲಘುವಿನಿಂದ ಶುರುವಾಗಿ ತಕ್ಷಣ ಗುರು ಬಂದಿದೆ. ಕನ್ನಡದ ಮಾತ್ರಾಗಣಕ್ಕೆ ಈ ಲಗಾದಿ ಒಗ್ಗದು. ‘ಹಳೆಯ ಮನೆಯಲಿ’ ಎನ್ನಿ. ನಾಲ್ಕರ ಜಾಗದಲ್ಲಿ ‘ಮನಸ್ಸು’ ತಂದರೂ ಅದೇ ಕಥೆ: ಲಘು-ಗುರು-ಲಘು, ಅಂದರೆ ಜಗಣ. ‘ನಮ್ಮ ಮನಸ್ಸು’ ಬಿಟ್ಟು ‘ನಮ್ಮ ಮನಸಿದು’ ಎಂದರೆ ನಡಿಗೆ ಸಲೀಸು.

ಆ್ಯಪ್ ಬದಿಗಿಟ್ಟು ‘ತಕಿಟ ತಕಧಿಮಿ’ ಎಂದು ತಟ್ಟುತ್ತಾ ಗಟ್ಟಿಯಾಗಿ ಓದಿ. ಸಂಗೀತ ಗೊತ್ತಿದ್ದವರಿಗೆ ಇದು ಮಿಶ್ರಛಾಪು. ಮೂರನೆಯ, ಆರನೆಯ ಸಾಲಿಗೆ ಹೀಗೆ ಮೂರು ಸುತ್ತು, ಕೊನೆಗೊಂದು ಗುರು, ಒಟ್ಟು 23. ನನ್ನನ್ನು ಕೇಳಿದರೆ ಹೊಸಬರು ಭಾಮಿನಿಗೆ ಕೈ ಹಾಕಲೇಬಾರದು. ನಾಲ್ಕು-ನಾಲ್ಕರ ಮಂದಾನಿಲ ರಗಳೆಯಲ್ಲಿ ಕಿವಿ ಪಳಗಲಿ. ಆದರೆ ಈ ಮಾತು ಯಾರೂ ಕೇಳುವುದಿಲ್ಲ, ಎಲ್ಲರಿಗೂ ಮೊದಲ ದಿನವೇ ಗದುಗಿನ ಭಾರತ ಬರೆಯಬೇಕು.

ಪ್ರಶ್ನೆ: ಕವನ ರಗಣದಿಂದ ಶುರುವಾದರೆ ಮನೆಯಲ್ಲಿ ಸಾವಾಗುತ್ತದಂತೆ. ತಿದ್ದಿಕೊಡಲು ಒಬ್ಬರು ದುಡ್ಡು ಕೇಳುತ್ತಿದ್ದಾರೆ.

ಉತ್ತರ: ಕೊಡಬೇಡಿ. ಇಲ್ಲಿ ಗಣ ಎಂದರೆ ಮೂರಕ್ಷರದ ಗುಂಪು: ರಗಣ ಗುರು-ಲಘು-ಗುರು, ಸಗಣ ಲಘು-ಲಘು-ಗುರು. ಗಣಕ್ಕೊಂದು ದೇವತೆ, ಒಂದು ಫಲ ಹೇಳುವ ಹಳೆಯ ಶ್ಲೋಕ ಇದೆ; ರಗಣಕ್ಕೆ ಅಗ್ನಿ ಮತ್ತು ಸಾವು, ಸಗಣಕ್ಕೆ ವಾಯು ಮತ್ತು ದೂರದೇಶ. ಹಳಗನ್ನಡದ ಕವಿಗಳು ಬರೆದ ಮತ್ತೇಭವಿಕ್ರೀಡಿತ, ಮಹಾಸ್ರಗ್ಧರೆ ಎಂಬ ಅಕ್ಷರವೃತ್ತಗಳೆರಡೂ ಸಗಣದಿಂದಲೇ ಆರಂಭ. ಆ ಲೆಕ್ಕದಲ್ಲಿ ಅವರೆಲ್ಲ ಗಂಟುಮೂಟೆ ಕಟ್ಟಬೇಕಿತ್ತು. ಭಯ ಮಾರಿ ಬದುಕುವವರಿಗೆ ಛಂದಸ್ಸಾದರೇನು, ಜಾತಕವಾದರೇನು.

ಪ್ರಶ್ನೆ: ಅಂತ್ಯಪ್ರಾಸ ಇಲ್ಲದಿದ್ದರೆ ಅದು ಕವಿತೆಯೇ?

ಉತ್ತರ: ಹೌದು. ಪಂಪನ ವೃತ್ತಗಳಲ್ಲಿ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿದೆ. ಅದನ್ನೂ ಗೋವಿಂದ ಪೈ 1911ರಲ್ಲೇ ಬಿಟ್ಟರು.

ಪ್ರಶ್ನೆ: ಗದ್ಯಕ್ಕೂ ಮಾತ್ರೆ ಎಣಿಸಬೇಕೆ?

ಉತ್ತರ: ಬೇಡ. ನಿಮ್ಮ ಪತ್ರದ ಅಷ್ಟೂ ವಾಕ್ಯ ‘ತ್ತದೆ’ ಎಂದೇ ಮುಗಿದಿವೆ, ಮೊದಲು ಅದನ್ನು ನೋಡಿ. ಕ್ರಿಯಾಪದ ಕೊನೆಗೆ ಬರುವ ಭಾಷೆಯಲ್ಲಿ ಈ ಕಾಟ ಇದ್ದದ್ದೇ. ಒಂದು ವಾಕ್ಯಕ್ಕೆ ಕ್ರಿಯಾಪದವೇ ಬೇಡ, ಇನ್ನೊಂದನ್ನು ಪ್ರಶ್ನೆ ಮಾಡಿ, ಮತ್ತೊಂದನ್ನು ಮೂರೇ ಪದಕ್ಕೆ ನಿಲ್ಲಿಸಿ. ಗದ್ಯ ತಾನಾಗಿ ಐದು-ಐದು ಮಾತ್ರೆಯ ಲಲಿತ ರಗಳೆಗೆ ಜಾರಿದರೆ ಖುಷಿಪಡಬೇಡಿ, ಹೊಡೆದುಹಾಕಿ.